ಕಾಲು ಮೇಲೆತ್ತಿಕೊಂಡು ನೋಡಿದ ಸಿನಿಮಾ

ಸಿನಿಮಾ ನೋಡುವಾಗ ನಾನು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು, ಮಂಡಿಯನ್ನು ಎದೆಗೆ ಒತ್ತಿಕೊಂಡು ಕೂರುತ್ತೇನೆ. ಅರವತ್ತೆರಡು ವರ್ಷದ ಹೆಂಗಸು ಹೀಗೆ ಕೂತರೆ ಪಕ್ಕದವರಿಗೆ ಮುಜುಗರ ಎಂದು ಗೊತ್ತಿಲ್ಲದೆ ಏನಿಲ್ಲ. ಒಮ್ಮೆ ಮಾಲ್ ಒಂದರಲ್ಲಿ ಟಾರ್ಚ್ ಹಿಡಿದು ಬಂದ ಸಿಬ್ಬಂದಿಯವನು ಬಗ್ಗಿ, "ಆಂಟಿ, ಏನಾದ್ರೂ ಬಿದ್ದೋಯ್ತಾ?" ಎಂದು ಕೇಳಿದ. "ಇಲ್ಲಪ್ಪ, ಕೆಳಗೆ ನೀರು ಬರುತ್ತೆ ಅಂತ" ಎಂದುಬಿಟ್ಟೆ. ಪಾಪ, ಅವನು ನೆಲದ ಮೇಲೆಲ್ಲ ಟಾರ್ಚ್ ಬಿಟ್ಟು ನೋಡಿದ. ನನ್ನ ಯಜಮಾನರು ಮೂರ್ತಿ ತಮಗೂ ನನಗೂ ಸಂಬಂಧವೇ ಇಲ್ಲದವರ ಹಾಗೆ ಪಾಪ್‌ಕಾರ್ನ್ ಡಬ್ಬದೊಳಗೆ ಮುಖ ಇಟ್ಟುಕೊಂಡರು.

ಈ ನೀರಿನ ಭಯ ನನಗೆ ಅಂಟಿದ್ದು ಒಂಬತ್ತನೇ ವಯಸ್ಸಿನಲ್ಲಿ, ಒಂದು ಯುದ್ಧದ ಸಿನಿಮಾದಿಂದ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಮೊಬೈಲ್‌ನಲ್ಲಿ ಹುಡುಕಿ ನೋಡುತ್ತೀರಿ, ಆಮೇಲೆ ನನ್ನ ಅಭಿಪ್ರಾಯ ಸರಿಯಿಲ್ಲ ಎನ್ನುತ್ತೀರಿ. ಆ ಸಿನಿಮಾದ ವಿಷಯದಲ್ಲಿ ಇಬ್ಬರ ಅಭಿಪ್ರಾಯ ಒಂದಾದದ್ದನ್ನು ನಾನು ಇದುವರೆಗೂ ಕಂಡಿಲ್ಲ. ಅಪ್ಪನ ಆಫೀಸಿನಲ್ಲಿ ಅರ್ಧ ಜನ "ನೋಡ್ಲೇಬೇಕು ಸ್ವಾಮಿ" ಅಂದಿದ್ದರಂತೆ, ಇನ್ನರ್ಧ ಜನ "ತಲೆನೋವು, ಹೋಗ್ಬೇಡಿ" ಅಂದಿದ್ದರಂತೆ. ಯಾರು ಸರಿ ಎಂದು ತೀರ್ಮಾನಿಸಲು ಅಪ್ಪ ಒಂದು ಶನಿವಾರ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹೊರಟರು. ಶಂಕರಪುರದಿಂದ ದಂಡಿನ ಕಡೆಗೆ, ಅಂದರೆ ಕಂಟೋನ್ಮೆಂಟಿಗೆ, ಇಂಗ್ಲಿಷ್ ಸಿನಿಮಾಕ್ಕೆ ಹೋಗುವುದೆಂದರೆ ಆಗ ನಮ್ಮ ಪಾಲಿಗೆ ಪರದೇಶಕ್ಕೆ ಹೋದ ಹಾಗೇ. ಅಮ್ಮ ಚಪಾತಿ, ಆಲೂಗಡ್ಡೆ ಪಲ್ಯ ಕಟ್ಟಿಕೊಟ್ಟಿದ್ದಳು.

ಕಪ್ಪು ಬಿಳುಪಿನ ಚಿತ್ರ. ಒಂದು ಜಲಾಂತರ್ಗಾಮಿ, ಅದರೊಳಗೆ ಇಪ್ಪತ್ತು ಮೂವತ್ತು ಜನ ಗಡ್ಡದವರು. ಮೇಲೆ ಶತ್ರುವಿನ ಹಡಗು ಸುತ್ತುತ್ತಿದೆ. ಇವರದು ಕೆಟ್ಟು ಸಮುದ್ರದ ತಳದಲ್ಲಿ ಕೂತುಬಿಟ್ಟಿದೆ. ಒಬ್ಬ ಕೆಮ್ಮಿದರೂ ಮೇಲಿನವರಿಗೆ ಕೇಳಿಸುತ್ತದೆ. ಮೇಲಿನಿಂದ ಢಂ ಢಂ ಎಂದು ಬಾಂಬು ಬೀಳುವುದು, ಇಲ್ಲಿ ಒಂದೊಂದೇ ತಿರುಪಿನ ಸಂದಿಯಿಂದ ನೀರು ಚಿಮ್ಮುವುದು. ಅಷ್ಟು ನೋಡಿದ್ದೇ ನಾನು ಕಾಲು ಮೇಲೆತ್ತಿಕೊಂಡೆ, ಅಪ್ಪನ ಅಂಗಿಯ ತೋಳಿನಲ್ಲಿ ಮುಖ ಹುದುಗಿಸಿದೆ. ಮುಂದಿನದೆಲ್ಲ ನಾನು ನೋಡಿದ್ದು ಅಪ್ಪನ ಬಾಯಿಂದ. ಅವರು ಪಿಸುದನಿಯಲ್ಲಿ ಹೇಳುತ್ತಾ ಹೋದರು. "ಈಗ ಪಂಪು ರಿಪೇರಿ ಮಾಡ್ತಿದಾರೆ. ಈಗ ಸ್ವಲ್ಪ ಮೇಲಕ್ಕೆ ಬಂತು. ಹಾಂ, ಬಂತು, ಬಂತು. ಮುಚ್ಚಳ ತೆಗೆದ್ರು. ಬಿಸಿಲು ಕಣೇ. ಎಲ್ರೂ ಮೇಲೆ ಬಂದ್ರು." ಅಷ್ಟು ಹೊತ್ತೂ ಅವರ ಒಂದು ಕೈ ನನ್ನ ಪಾದವನ್ನು ಗಟ್ಟಿಯಾಗಿ ಹಿಡಿದಿತ್ತು. ಆ ಅಂಗೈ ಒದ್ದೆಮುದ್ದೆ. ಸೆಕೆ ಎಂದುಕೊಂಡಿದ್ದೆ.

ನಾನು ಕಣ್ಣು ಬಿಟ್ಟಾಗ ದೀಪ ಹತ್ತಿತ್ತು, ಜನ ಏಳುತ್ತಿದ್ದರು. ಮನೆಯಲ್ಲಿ ಅಮ್ಮ "ಹೇಗಿತ್ತು?" ಎಂದರೆ ಅಪ್ಪ, "ಪರವಾಗಿಲ್ಲ" ಎಂದರು. ನಾನು, "ತುಂಬಾ ಚೆನ್ನಾಗಿತ್ತು, ಎಲ್ರೂ ಬದುಕಿಕೊಂಡ್ರು" ಎಂದೆ.

ಬೆಂಗಳೂರಿನವರಿಗೂ ಸಮುದ್ರಕ್ಕೂ ಎಲ್ಲಿಯ ನಂಟು ಹೇಳಿ. ನಮ್ಮ ಪಾಲಿಗೆ ಇದ್ದದ್ದು ಕೆಂಪಾಂಬುಧಿ ಕೆರೆ ಒಂದೇ. ಹೆಸರಿನಲ್ಲಾದರೂ ಅಂಬುಧಿ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡವರು ನಾವು. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವಳು ನಾನು. ಪೆಸಿಫಿಕ್ ಸಾಗರದ ಆಳವನ್ನು ಕೋಲಿನ ತುದಿಯಿಂದ ನಕ್ಷೆಯಲ್ಲಿ ಮುಟ್ಟಿ ತೋರಿಸುತ್ತಿದ್ದೆ. ಉಡುಪಿಗೆ ಪ್ರವಾಸ ಹೋದಾಗ ಮಾತ್ರ ಮಲ್ಪೆಯಲ್ಲಿ ಕಣಕಾಲಿನ ತನಕ ಇಳಿದು, ಮಕ್ಕಳ ಚಪ್ಪಲಿ ಕಾಯುವ ನೆಪದಲ್ಲಿ ವಾಪಸ್ಸು ಬಂದಿದ್ದೆ.

ನಿಜವಾದ ಆಳ ನಾನು ಕಂಡದ್ದು ನಮ್ಮ ಮನೆಯ ಸಂಪಿನಲ್ಲಿ, ಅಂಗಳದ ನೆಲದಡಿಯ ನೀರಿನ ತೊಟ್ಟಿಯಲ್ಲಿ. ವರ್ಷಕ್ಕೊಮ್ಮೆ, ಗೌರಿಹಬ್ಬದ ಹಿಂದಿನ ವಾರ, ಅಪ್ಪ ಕಬ್ಬಿಣದ ಮುಚ್ಚಳ ಎತ್ತಿ ಸಂಪು ತೊಳೆಯಲು ಇಳಿಯುತ್ತಿದ್ದರು. ಮೊದಲು ಸೊಂಟ ಕಾಣಿಸದಾಗುವುದು, ಆಮೇಲೆ ಭುಜ, ಕೊನೆಗೆ ತಲೆ. ನಾನು ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ನಿಮಿಷಕ್ಕೊಂದು ಸಲ "ಅಪ್ಪಾ" ಎಂದು ಕೂಗುತ್ತಿದ್ದೆ. ಕೆಳಗಿನಿಂದ ದಪ್ಪ ದನಿಯಲ್ಲಿ "ಇದೀನಿ" ಎಂದು ಬರುತ್ತಿತ್ತು. ಒಂದು ಸಲ ಉತ್ತರ ಬರುವುದು ಕೊಂಚ ತಡವಾದದ್ದಕ್ಕೆ ನಾನು ಬೀದಿಯನ್ನೇ ಸೇರಿಸಿಬಿಟ್ಟಿದ್ದೆ. ಅಪ್ಪ ಮೂಗು ಒರೆಸಿಕೊಳ್ಳುತ್ತಿದ್ದರಂತೆ, ಅಷ್ಟೆ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಈ ವರ್ಷ ನನ್ನನ್ನೇ ಒಂದು ಸಂಪಿನೊಳಗೆ ಇಳಿಸಲು ಹೊರಟರು. ಎರಡು ತಿಂಗಳಿಂದ ತಲೆ ಸುತ್ತು, ಎಡಗೈ ಜೋಮು. ಡಾಕ್ಟರು ಏನೇನೋ ಪರೀಕ್ಷೆ ಮಾಡಿಸಿ, "ತಲೆಯೊಳಗೊಂದು ನೆರಳಿನ ಥರ ಕಾಣ್ತಿದೆ. ಏನೂ ಇಲ್ದೇನೂ ಇರ್ಬಹುದು. ಎಂಆರ್‌ಐ ಮಾಡಿಸ್ಬಿಡಿ, ತಡ ಮಾಡ್ಬೇಡಿ" ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮೂರ್ತಿ ನನ್ನ ಕೈ ಹಿಡಿದುಕೊಂಡರು. ಮದುವೆಯಾದ ಮೇಲೆ ಬೀದಿಯಲ್ಲಿ ಕೈ ಹಿಡಿದದ್ದು ಅದು ಎರಡನೇ ಸಲ.

ಎಂಆರ್‌ಐ ಯಂತ್ರ ನೋಡಿದ್ದೀರಾ? ಒಂದು ಗೋಡೆ, ಅದರಲ್ಲೊಂದು ಕೊಳವೆ. ಮಲಗಿಸಿ, ತಲೆಗೊಂದು ಪಂಜರ ಹಾಕಿ, ಮೆಲ್ಲಗೆ ಒಳಗೆ ತಳ್ಳುತ್ತಾರೆ. ಮೊದಲನೇ ಸಲ ಹೋದಾಗ ಭುಜದವರೆಗೆ ಒಳಗೆ ಹೋದೆ. ಮೂಗಿಗೆ ನಾಲ್ಕು ಬೆರಳಿನ ಅಂತರದಲ್ಲಿ ಚಾವಣಿ. ಯಂತ್ರ ಢಂ ಢಂ ಎಂದು ಬಡಿಯಲು ಶುರುವಾಯಿತು ನೋಡಿ, ಐವತ್ತು ವರ್ಷದ ಹಿಂದಿನ ಆ ಹಡಗೇ ತಲೆಯ ಮೇಲೆ ಬಂದು ನಿಂತಿತು. ಕೈಗೆ ಕೊಟ್ಟಿದ್ದ ರಬ್ಬರ್ ಚೆಂಡನ್ನು ಎಷ್ಟು ಜೋರಾಗಿ ಒತ್ತಿದೆನೆಂದರೆ, ಟೆಕ್ನೀಷಿಯನ್ ಹುಡುಗಿ ಓಡಿಬಂದಳು. ಎರಡನೇ ಸಲ ಒಳಗೇ ಹೋಗಲಿಲ್ಲ. ಹೋದ ಸಲ ಕಣ್ತಪ್ಪಿದ್ದ ಕಾಲುಂಗುರ ಈ ಸಲ ಹುಡುಗಿಯ ಕಣ್ಣಿಗೆ ಬಿತ್ತು. "ಕಾಲುಂಗುರಾನೂ ತೆಗೀಬೇಕು ಅಮ್ಮ" ಎಂದಳು ಅವಳು. "ಬರಲ್ಲಮ್ಮ, ಮೂವತ್ತೈದು ವರ್ಷದಿಂದ ಬಂದಿಲ್ಲ, ಬೆರಳಿಗೇ ಅಂಟ್ಕೊಂಡಿದೆ" ಎಂದೆ. ಮುತ್ತೈದೆಯ ಕಾಲುಂಗುರ ಎಳೆಯಲು ಆ ಮಗುವಿಗೆ ಧೈರ್ಯ ಬರಲಿಲ್ಲ. "ಹಾಗಾದ್ರೆ ಮನೇಲಿ ಸೋಪ್ ಹಾಕಿ ತೆಗ್ಸಿಕೊಂಡು ಬನ್ನಿ" ಎಂದು ಕಳಿಸಿಬಿಟ್ಟಳು.

ಆಟೋದಲ್ಲಿ ಮೂರ್ತಿ ಕೇಳಿದರು. "ಅಲ್ವೇ, ಪ್ರತಿ ಹಬ್ಬಕ್ಕೂ ತೆಗೆದು ಹುಣಸೆಹಣ್ಣು ಹಾಕಿ ಉಜ್ಜುತೀಯಲ್ಲ?"

"ಅದು ಬೇರೆ" ಎಂದೆ.

ಮೂರ್ತಿಯವರ ಎದೆಯೊಳಗೇ ಪೇಸ್‌ಮೇಕರ್ ಇದೆ. ಆ ಯಂತ್ರದ ಕೋಣೆಗೆ ಅವರನ್ನು ಬಿಡುವುದಿಲ್ಲ. ಜೊತೆಗೆ ಬರುತ್ತೇನೆ ಎನ್ನಲಾರದವರು ಧೈರ್ಯ ಹೇಳುವುದಾದರೂ ಹೇಗೆ? ಡಾಕ್ಟರು ಮಂಗಳವಾರಕ್ಕೆ ಮೂರನೇ ಸಲ ಬರೆದುಕೊಟ್ಟರು. "ಈ ಸಲ ವಾಪಸ್ ಬಂದ್ರೆ ನಾನು ಕಣ್ಣುಮುಚ್ಚಿಕೊಂಡು ಔಷಧಿ ಕೊಟ್ಟ ಹಾಗಾಗುತ್ತೆ" ಎಂದರು.

ಆಗ ನನಗೆ ಹೊಳೆದದ್ದು ಆ ಸಿನಿಮಾ. ಐವತ್ತು ವರ್ಷ ಅದಕ್ಕೆ ಹೆದರಿದ್ದೇನೆ. ಆದರೆ ಅದರ ಕೊನೆ ಒಳ್ಳೆಯದಲ್ಲವೇ? ಈಗೊಮ್ಮೆ ಕಣ್ಣು ಬಿಟ್ಟುಕೊಂಡು, ಅವರೆಲ್ಲ ಬಿಸಿಲಿಗೆ ಬರುವುದನ್ನು ನೋಡಿಬಿಟ್ಟರೆ ನಾನೂ ಒಳಗೆ ಹೋಗಿ ಬರಬಲ್ಲೆ. ಹೀಗೆ ನನ್ನ ಲೆಕ್ಕಾಚಾರ.

ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ನಾಗರಾಜರಾಯರ ಮನೆಯ ಮಹಡಿ ಮೇಲೆ ತಿಂಗಳಿಗೊಂದು ಭಾನುವಾರ ಬೆಳಗ್ಗೆ ನಾವು ಕೆಲವರು ಸೇರಿ ಹಳೆಯ ಸಿನಿಮಾ ನೋಡುತ್ತೇವೆ. ರಾಯರು ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕುತ್ತಾರೆ. ಅಲ್ಲಿಯ ಕಾನೂನು ಒಂದೇ. ಸಿನಿಮಾ ಮುಗಿದ ಮೇಲೆ ಪ್ರತಿಯೊಬ್ಬರೂ ಅಭಿಪ್ರಾಯ ಹೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ, ಹೇಳದವರಿಗೆ ಕಾಫಿ ಇಲ್ಲ. ಮನೆಯೊಳಗಿನಿಂದ ಡಿಕಾಕ್ಷನ್ ವಾಸನೆ ಬರುತ್ತಿರುವಾಗ ಎಂಥ ಮೌನಿಯೂ ವಿಮರ್ಶಕನಾಗುತ್ತಾನೆ. ಈ ಕೂಟದಲ್ಲಿ ಆ ಸಿನಿಮಾವನ್ನು ನಾನು ಎಷ್ಟು ಸಲ ಹೊಗಳಿದ್ದೆನೆಂದರೆ, ಈ ಭಾನುವಾರ ಅದನ್ನೇ ಹಾಕಿ ಎಂದಾಗ ರಾಯರು ಕೂಡಲೇ ಒಪ್ಪಿಕೊಂಡರು. ಮುಕ್ಕಾಲು ಭಾಗ ಅಪ್ಪನ ತೋಳಿನಲ್ಲಿ ನೋಡಿದ್ದೆಂದು ನಾನು ಯಾರಿಗೂ ಹೇಳಿರಲಿಲ್ಲ. "ಟೀಚರ್ ಎರಡು ಮಾತು ಹೇಳಿ ಶುರು ಮಾಡ್ಲಿ" ಎಂದರು ರಾಯರು. ನಾನು ಎದ್ದು ನಿಂತು, "ಭಯ ಆಗುತ್ತೆ, ಆದ್ರೆ ಭಯಪಡ್ಬೇಡಿ. ಕೊನೆಗೆ ಎಲ್ರೂ ಮೇಲೆ ಬರ್ತಾರೆ" ಎಂದೆ. "ಕಥೆ ಪೂರ್ತಿ ಹೇಳ್ಬಿಟ್ರಲ್ಲ ಮೇಡಂ" ಎಂದು ಯಾರೋ ಹಿಂದಿನಿಂದ ಗೊಣಗಿದರು.

ಸಿನಿಮಾ ಶುರುವಾಯಿತು. ಕಣ್ಣು ಮುಚ್ಚುವುದಿಲ್ಲ ಎಂದು ಶಪಥ ಮಾಡಿದ್ದೆ. ಆದರೆ ಮೇಲಿನ ಹಡಗಿನ ಸದ್ದು ಕೇಳಿದ್ದೇ ರೆಪ್ಪೆ ತಾನಾಗಿ ಬಿತ್ತು, ಕಾಲು ತಾನಾಗಿ ಕುರ್ಚಿಯ ಮೇಲೆ ಬಂತು. ಪಿಸುದನಿಯಲ್ಲಿ ಹೇಳಲು ಈ ಸಲ ಅಪ್ಪ ಇರಲಿಲ್ಲ. ಅವರು ಹೋಗಿ ಹನ್ನೆರಡು ವರ್ಷವಾಯಿತು. ಕೊನೆ ಬರುತ್ತಿದೆ ಎನ್ನಿಸಿದಾಗ ಬಲವಂತವಾಗಿ ಕಣ್ಣು ಬಿಟ್ಟೆ. ಬಿಸಿಲಿಗಾಗಿ ಕಾದೆ.

ಬಿಸಿಲು ಬರಲಿಲ್ಲ. ಮುಚ್ಚಳದಿಂದ ಏಳೆಂಟು ಜನ ಮಾತ್ರ ಹೇಗೋ ಹೊರಗೆ ಹೋದರು. ಉಳಿದವರು ಒಳಗೇ ನಿಂತಿದ್ದರು. ನೀರು ಮಂಡಿಗೆ, ಸೊಂಟಕ್ಕೆ, ಎದೆಗೆ ಬಂತು. ಕ್ಯಾಪ್ಟನ್ ಟೋಪಿ ಸರಿ ಮಾಡಿಕೊಂಡ. ದೀಪ ಆರಿತು. ಪಂಚೆ ಕಪ್ಪಾಯಿತು. ಅಷ್ಟೆ, ಮುಗಿಯಿತು.

ರಾಯರು ಕಿಟಕಿ ತೆಗೆದರು. ಎಲ್ಲರೂ ನನ್ನ ಕಡೆ ನೋಡಿದರು. ಮಂಗಳವಾರಕ್ಕೆಂದು ಕೂಡಿಟ್ಟುಕೊಂಡಿದ್ದ ಧೈರ್ಯವೆಲ್ಲ ಆ ನೀರಿನಲ್ಲಿ ಮುಳುಗಿತು.

ಅಭಿಪ್ರಾಯಗಳು ಶುರುವಾದವು. ರಾಯರಿಗೆ ಪರಮಾನಂದ, ಬೆವರಿದ ಮುಖಗಳ ಮೇಲೆ ಬೆಳಕು ಬಿಟ್ಟಿರುವ ರೀತಿಗೆ ಕೈ ಮುಗಿಯಬೇಕಂತೆ. ರಾಯರ ಸೊಸೆ ಸಹನಾ, "ಮಾವ, ತುಂಬಾ ಸ್ಲೋ. ಒಂದೂವರೆ ಸ್ಪೀಡಲ್ಲಿ ನೋಡಿದ್ರೂ ಏನೂ ಮಿಸ್ ಆಗ್ತಿರ್ಲಿಲ್ಲ" ಎಂದಳು. ಬೋರ್‌ವೆಲ್ ಮೋಟಾರಿನ ವ್ಯಾಪಾರ ಮಾಡಿ ಮಗನಿಗೆ ಬಿಟ್ಟುಕೊಟ್ಟಿರುವ ವೆಂಕಟೇಗೌಡರು ತಲೆ ಅಲ್ಲಾಡಿಸಿದರು. "ಎಲ್ಲಾ ಸುಳ್ಳು ಸ್ವಾಮಿ. ಅಷ್ಟು ಪ್ರೆಷರ್‌ಗೆ ಆ ಗ್ಯಾಸ್ಕೆಟ್ ಐದು ನಿಮಿಷ ನಿಲ್ಲಲ್ಲ. ನಾನಾಗಿದ್ರೆ ಮೊದ್ಲು ಆ ಪಂಪ್ ಬಿಚ್ಚಿಸ್ತಿದ್ದೆ." ಮೂರ್ತಿಯವರ ಸರದಿ ಬಂತು. "ಒಬ್ಬಳೂ ಹೆಂಗಸಿಲ್ಲ ಒಳಗೆ. ಅದಕ್ಕೇ ಅಷ್ಟು ಹೊತ್ತು ನಿಶ್ಶಬ್ದವಾಗಿರಕ್ಕಾಯ್ತು" ಎಂದರು. ನನ್ನನ್ನು ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ.

ನನಗೆ ಬಂದದ್ದು ಅಪ್ಪನ ಮೇಲೆ ಸಿಟ್ಟು. ಎಲ್ಲರೂ ಮೇಲೆ ಬಂದರು ಎಂದು ಯಾವ ಬಾಯಲ್ಲಿ ಹೇಳಿದರು? ನನ್ನ ಹಾಗೆ ಅವರೂ ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದದ್ದು ಹೇಳಿದರೇ? ಹಾಗಾದರೆ ಸಂಪಿನ ತಳದಿಂದ ಹೇಳುತ್ತಿದ್ದ "ಇದೀನಿ"ಯನ್ನಾದರೂ ನಂಬುವುದು ಹೇಗೆ?

ಅಷ್ಟರಲ್ಲಿ ಪದ್ಮಕ್ಕನ ಸರದಿ. ಪದ್ಮಕ್ಕ ನಮ್ಮ ಪಕ್ಕದ ಮನೆಯವರು, ನನಗಿಂತ ಎಂಟು ವರ್ಷ ದೊಡ್ಡವರು. ಮಧ್ಯಾಹ್ನದ ಹೊತ್ತು ಮಗನ ಪಾತ್ರೆ ಅಂಗಡಿಯಲ್ಲಿ ಕೂರುತ್ತಾರೆ. ಸಿನಿಮಾಕ್ಕೆ ಬರುವುದು ಕಾಫಿಗೆ ಎಂದು ಅವರೇ ಹೇಳುತ್ತಾರೆ.

"ನಂಗೆ ಇಂಗ್ಲಿಷೂ ಬರಲ್ಲ, ಯುದ್ಧಾನೂ ತಿಳಿಯಲ್ಲ. ಅರ್ಧ ನಿದ್ದೆ ಮಾಡ್ದೆ" ಎಂದರು. "ಆದ್ರೆ ಆ ಅಡುಗೆಯೋನು ಇದ್ನಲ್ಲ, ಮುದುಕ, ಮೇಲಿನ ಮಂಚದಲ್ಲಿ ಮಲ್ಕೊಂಡು ನಡುಗ್ತಿದ್ದೋನು. ಅವನೆಲ್ಲಿ ಕೂಗಿಬಿಡ್ತಾನೋ ಅಂತ ಆ ಇಂಜಿನ್ನಿನೋನು ಬಂದು ಅವನ ಪಾದ ಹಿಡ್ಕೊಂಡು ನಿಂತ್ಕೊಂಡ ನೋಡಿ. ಬಾಯಿ ಮುಚ್ಲಿಲ್ಲ, ಗದರ್ಲಿಲ್ಲ. ಸುಮ್ನೆ ಪಾದ ಹಿಡ್ಕೊಂಡ. ಅದು ನಂಗೆ ಹಿಡಿಸ್ತು. ಮಿಕ್ಕಿದ್ದೆಲ್ಲ ಬೇಜಾರು."

ನಾನು ತಿರುಗಿ ನೋಡಿದೆ. ಆ ದೃಶ್ಯವನ್ನು ನಾನು ನೋಡಿರಲಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ. ಆದರೆ ಅದು ನನ್ನ ಪಾದಕ್ಕೆ ಗೊತ್ತಿತ್ತು. ಆ ಇಂಜಿನ್ನಿನವನನ್ನು ನೋಡಿಯೇ ನನ್ನ ಪಾದ ಹಿಡಿದ ಅಪ್ಪ ಕಣ್ಣು ಮುಚ್ಚಿಕೊಂಡಿರಲಿಲ್ಲ. ಪೂರ್ತಿ ನೋಡಿದ್ದರು. ನೀರು ಎದೆಗೆ ಬರುವುದನ್ನೂ ಕ್ಯಾಪ್ಟನ್ ಟೋಪಿ ಸರಿ ಮಾಡಿಕೊಳ್ಳುವುದನ್ನೂ ನೋಡುತ್ತಲೇ "ಬಿಸಿಲು ಕಣೇ" ಎಂದಿದ್ದರು.

"ಟೀಚರ್, ನಿಮ್ಮ ಅಭಿಪ್ರಾಯ?" ಎಂದರು ರಾಯರು. ಆ ಭಾನುವಾರ ನನಗೆ ಕಾಫಿ ಸಿಗಲಿಲ್ಲ.

ದಾರಿಯಲ್ಲಿ ಪದ್ಮಕ್ಕನಿಗೆ ಎಲ್ಲವನ್ನೂ ಹೇಳಿದೆ. ನೆರಳು, ಕೊಳವೆ, ರಬ್ಬರ್ ಚೆಂಡು, ಕಾಲುಂಗುರದ ಸುಳ್ಳು, ಎಲ್ಲವನ್ನೂ. ಅವರು ಹೂವಿನ ಅಂಗಡಿಯ ಮುಂದೆ ನಿಂತು, "ಮಂಗಳವಾರ ಎಷ್ಟೊತ್ತಿಗೆ?" ಎಂದು ಮಾತ್ರ ಕೇಳಿದರು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಪದ್ಮಕ್ಕ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ದೊಡ್ಡವರ ತೊಡೆಯ ಮೇಲೆ ಕಾಲಿಡುವುದೇ ಎಂದು ನಾನು ಎಳೆದುಕೊಂಡರೆ, ಮತ್ತೆ ಎಳೆದರು. ಕಾಲುಂಗುರ ಒಂದು ತಿರುವಿಗೆ ಕೈಗೆ ಬಂತು. "ಇದಾ ಬರ್ದೇ ಇರೋದು?" ಎಂದು ನಾಲ್ಕನ್ನೂ ಮೂರ್ತಿಯವರ ಕೈಗೆ ಹಾಕಿದರು. ತಾಳಿಯನ್ನು ಮಾತ್ರ ನಾನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅದಕ್ಕೂ ಪದ್ಮಕ್ಕ ಮೊದಲೇ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ತಂದಿದ್ದರು. ಮೂರ್ತಿ, "ತೆಗಿ ಪರವಾಗಿಲ್ಲ, ನಾನೆಲ್ಲೂ ಹೋಗಲ್ಲ" ಎಂದರು. ನಗಲು ನೋಡಿದರು, ಆಗಲಿಲ್ಲ.

"ಜೊತೇಲಿ ಒಬ್ರು ಬರ್ಬಹುದು. ಮೈಮೇಲೆ ಲೋಹ ಇರ್ಬಾರ್ದು" ಎಂದಳು ಟೆಕ್ನೀಷಿಯನ್.

"ನಮ್ಮೋರು ಹೋದ್ಮೇಲೆ ನಂದು ಯಾವಾಗ್ಲೂ ಬರೀ ಮೈನೇ ಕಣಮ್ಮ, ನಡಿ" ಎಂದು ಪದ್ಮಕ್ಕ ಚಪ್ಪಲಿ ಬಿಟ್ಟರು.

ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ತಲೆಗೆ ಪಂಜರ ಬಿಗಿದಾಗ ಉಸಿರು ಸಿಕ್ಕಿಕೊಂಡಿತು. ಮಂಚ ಒಳಗೆ ಜಾರಿತು. ಬಡಿತ ಶುರುವಾಯಿತು. ಈ ಸಲ ಕೊನೆ ಏನೆಂದು ನನಗೆ ಗೊತ್ತಿತ್ತು. ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದೂ ಗೊತ್ತಿತ್ತು. ಬೆರಳು ಚೆಂಡಿನ ಸುತ್ತ ಬಿಗಿಯಾಯಿತು. ಆಗ ಕಾಲ ಕಡೆ, ಬಹಳ ದೂರದಲ್ಲಿ, ಪಾದವನ್ನು ಒಂದು ಕೈ ಹಿಡಿಯಿತು. ಪಾತ್ರೆ ಉಜ್ಜಿ ಒರಟಾದ ಕೈ. ನಡುವೆ ಸದ್ದು ನಿಂತಾಗಲೆಲ್ಲ ಮೈಕಿನಲ್ಲಿ ಹುಡುಗಿಯ ದನಿ, "ಅಮ್ಮಾ, ಇದೀರಾ? ಇನ್ನೆರಡೇ ನಿಮಿಷ."

"ಇದೀನಿ" ಎಂದೆ. ಆ ಎರಡೇ ನಿಮಿಷವನ್ನು ಅವಳು ಹತ್ತು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ ನಂಬಿದೆ.

ಹೊರಗೆ ಬಂದಾಗ ಸೀರೆಯ ಬದಲು ತೊಟ್ಟಿದ್ದ ಆಸ್ಪತ್ರೆಯ ನಿಲುವಂಗಿ ಬೆನ್ನಿಗೆ ಅಂಟಿಕೊಂಡಿತ್ತು. ವರದಿ ಗುರುವಾರ ಎಂದರು. ಆ ನೆರಳು ಏನೆಂದು ಈ ಸಾಲು ಬರೆಯುವಾಗಲೂ ನನಗೆ ಗೊತ್ತಿಲ್ಲ. ಇಂದು ಬುಧವಾರ, ಬೆಳಗಿನಿಂದ ಫೋನು ಸದ್ದಾದಾಗಲೆಲ್ಲ ಓಡಿಹೋಗಿ ಎತ್ತುತ್ತಿದ್ದೇನೆ. ಆದರೆ ಹೇಳಬೇಕಾದದ್ದು ಅದಲ್ಲ.

ಬೆಂಚಿನ ಮೇಲೆ ಅದೇ ಥರದ ನಿಲುವಂಗಿ ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ನಲವತ್ತು ವರ್ಷ ಇರಬಹುದು. ಅವಳ ಕೊರಳಲ್ಲೂ ಅರಿಶಿನದ ಕೊಂಬಿನ ದಾರ. ನನ್ನ ಮುಖವನ್ನೇ ನೋಡುತ್ತಿದ್ದವಳು ಎದ್ದು ಬಂದು ಕೇಳಿದಳು. "ಒಳ್ಗಡೆ ಹೆಂಗಿರ್ತದಮ್ಮ?"

ನನ್ನ ಅಭಿಪ್ರಾಯ ಬಾಕಿ ಇತ್ತಲ್ಲ, ಇಲ್ಲಿ ಹೇಳಿದೆ. "ಏನೂ ಇಲ್ಲಮ್ಮ. ಸ್ವಲ್ಪ ಸದ್ದು, ಅಷ್ಟೆ. ಒಳ್ಳೆ ಗಾಳಿ ಬರುತ್ತೆ. ಎರಡೇ ನಿಮಿಷ. ಎಲ್ರೂ ಆಚೆ ಬರ್ತಾರೆ."

ಅವಳು ಪೂರ್ತಿ ನಂಬಲಿಲ್ಲ. "ನಿಮ್ ಜತೆಗೆ ಆ ಅಮ್ಮ ಬಂದಿದ್ರು. ನಮ್ಮೋರು ಊರಿಂದ ಬಸ್ಸಲ್ಲಿ ಬರ್ತಾವ್ರೆ, ಇನ್ನೂ ಬಂದಿಲ್ಲ" ಎಂದಳು.

ಪದ್ಮಕ್ಕ ಆಗಷ್ಟೇ ಚಪ್ಪಲಿ ಹಾಕಿಕೊಂಡಿದ್ದರು. ಮತ್ತೆ ಬಿಡಲು ಕಾಲು ಎತ್ತಿದರು. "ನೀವು ಕೂತ್ಕೊಳ್ಳಿ ಪದ್ಮಕ್ಕ" ಎಂದೆ ನಾನು. ಏಕೆ ಹಾಗೆಂದೆನೋ ಗೊತ್ತಿಲ್ಲ. ಆ ಬಾಗಿಲಿನ ಕಡೆ ತಿರುಗಿದೆ. ಮೂರ್ತಿ ಕಾಲುಂಗುರ ಹಿಡಿದ ಮುಷ್ಟಿಯನ್ನು ಚಾಚಿದವರು ಹಾಗೇ ಹಿಂದಕ್ಕೆಳೆದುಕೊಂಡರು.

ಒಳಗೆ ಅವಳ ಕಾಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪಾದ ಹಿಡಿದುಕೊಂಡೆ. ಹಿಮ್ಮಡಿ ಬಿರಿದಿತ್ತು, ಕಾಲುಂಗುರ ತೆಗೆದ ಬೆರಳಿನ ಸುತ್ತ ಬೆಳ್ಳಗಿನ ಗುರುತಿತ್ತು. ಯಂತ್ರ ಬಡಿಯತೊಡಗಿತು. ಪ್ರತಿ ಬಡಿತಕ್ಕೂ ನಾನು ಬೆಚ್ಚಿದೆ. ಆದರೂ "ಆಯ್ತು ಕಣಮ್ಮ, ಆಯ್ತು, ಬಂದ್ಬಿಡ್ತು" ಎನ್ನುತ್ತಲೇ ಇದ್ದೆ. ಆ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಾರದು. ಎಸಿ ಹಾಕಿದ ಆ ಕೋಣೆ ಚಳಿ ಹುಟ್ಟಿಸುವಷ್ಟು ತಣ್ಣಗಿತ್ತು. ನನ್ನ ಅಂಗೈ ಮಾತ್ರ ಒದ್ದೆಮುದ್ದೆಯಾಗಿತ್ತು. ಅಪ್ಪನಿಗೂ ಅಂದು ಸೆಕೆಯಾಗಿರಲಿಲ್ಲ.

ಹೊರಗೆ ಬಂದ ಮೇಲೆ ಮೂರ್ತಿ ಬಗ್ಗಿ, ಬೆರಳಿಗೆ ಕಾಲುಂಗುರ ಹಾಕುತ್ತಾ, "ಕಾಲು ಮೇಲೆತ್ತಿಕೊಂಡು ಕೂತಿದ್ದೆಯಾ?" ಎಂದು ಕೇಳಿದರು. ಯೋಚಿಸಿ ನೋಡಿದೆ. ಇಲ್ಲ, ಎರಡೂ ಕಾಲು ನೆಲದ ಮೇಲೇ ಇದ್ದವು.